ಬೇರಿಗೆ ಹೆಪ್ಪು ಹಾಕುವ ಬೂಷ್ಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾಲಯದ ಹಿಂಬದಿಯ ಗಾಜಿನ ಮನೆಯೊಳಗಿಂದ ಯಾರೋ ಬಾಗಿಲು ಬಡಿಯುವಂಥ ಸದ್ದು ಬರುತ್ತಿದೆ. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಒಳಗೆ ಹೋಗಿ ನೋಡಿದರೆ ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಮಣ್ಣಿನ ಕುಂಡಗಳ ಸಾಲಿನ ನಡುವೆ ನಡೆಯುತ್ತ, ಒಂದೊಂದರ ಹೊಟ್ಟೆಗೂ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದಾರೆ. ಬಡಿದು, ಬಗ್ಗಿ ಕಿವಿ ಕೊಟ್ಟು, ಮುಂದಿನದಕ್ಕೆ ಹೋಗುತ್ತಾರೆ. ಕೆಲವಕ್ಕೆ ಮಾತ್ರ ಅರ್ಧ ಮಗ್ಗು ನೀರು ಸಿಗುತ್ತದೆ. ಉಳಿದವಕ್ಕೆ ಬರೀ ಮಾತು.

"ಟಣ್ ಅಂದ್ರೆ ನಿಜವಾಗ್ಲೂ ಬಾಯಾರಿದೆ ಅಂತ. ದೊಪ್ ಅಂದ್ರೆ ಒಳಗೆ ಇನ್ನೂ ನೀರಿದೆ, ಸುಮ್ನೆ ಎಲೆ ಜೋಲು ಹಾಕ್ಕೊಂಡು ನಾಟಕ ಮಾಡ್ತಿದೆ ಅಂತ," ಎಂದು ಅವರು ನನ್ನತ್ತ ತಿರುಗದೆಯೇ ಹೇಳುತ್ತಾರೆ. "ನಾಟಕ ಮಾಡೋರಿಗೆಲ್ಲ ನೀರು ಹಾಕ್ತಾ ಹೋದ್ರೆ ಬೇರು ಕೊಳೆಯುತ್ತೆ."

ಇವರ ಬಗ್ಗೆ ಬರೆಯಲು ಬಂದ ನನಗೆ ಮನೆಯಲ್ಲಿ ಕಳ್ಳಿ ಗಿಡವನ್ನೂ ಒಣಗಿಸಿದ ಖ್ಯಾತಿ. ಆದರೂ ಗಿಡ ಕಂಡಾಗ ಒಂದು ಒಳ್ಳೆಯ ಮಾತು ಆಡಬೇಕು ಎಂಬಷ್ಟು ಸೌಜನ್ಯ ಉಳಿದಿದೆ. ಮೂಲೆಯ ಕುಂಡವೊಂದರಲ್ಲಿ ಜೋಳದ ಪೈರು ಕಡುಹಸಿರಾಗಿ ತಲೆಯೆತ್ತಿ ನಿಂತಿತ್ತು. "ಇದೊಂದು ಎಷ್ಟು ಚೆನ್ನಾಗಿ ಬಂದಿದೆ ಅಕ್ಕಾ!" ಎಂದೆ. ಅವರ ಮುಖ ನೋಡಬೇಕಿತ್ತು. ಮಗ್ಗು ಕೆಳಗಿಟ್ಟು, ಆ ಕುಂಡವನ್ನು ಎತ್ತಿ, ಎಲೆ ಮಗುಚಿ ನೋಡಿ, ಹಾಗೇ ಹೊರಗಿನ ಕಟ್ಟೆಯ ಮೇಲೆ ಇಟ್ಟು ಬಂದರು.

"ಹಸಿರು ಕಂಡ್ರೆ ನನಗೆ ಎದೆ ಝಲ್ ಅನ್ನುತ್ತೆ. ಇಲ್ಲಿ ಗಿಡ ಸ್ವಲ್ಪ ಹಸಿದಿರ್ಬೇಕು. ಹೊಟ್ಟೆ ತುಂಬಿದ ಗಿಡ ಬಂದ ನೆಂಟರನ್ನ ಬಾ ಅನ್ನಲ್ಲ."

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಬೂಷ್ಟಕ್ಕ ಎಂದು. ಇಟ್ಟವರು ತಮಾಷೆಗೆ ಇಟ್ಟಿರಬೇಕು. ಈಗ ಗೇಟಿನ ಕಾವಲುಗಾರನಿಂದ ನಿರ್ದೇಶಕರವರೆಗೆ ಬೇರೆ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಅವರ ಉದ್ಯೋಗವೂ ಅದೇ. ನಾವು ಹಳಸಿದ ಬ್ರೆಡ್ಡಿನ ಮೇಲೆ ಕಂಡರೆ ಮೂಗು ಮುರಿದು ಎಸೆಯುವ ಬೂಷ್ಟಿನ ದೂರದ ಬಂಧುಗಳನ್ನು ಜೀವಂತವಾಗಿ ಕಾಪಾಡುವುದು.

ಕಾಡಿನ ಬಹುಪಾಲು ಗಿಡಮರಗಳ ಬೇರಿನೊಳಗೆ ಶಿಲೀಂಧ್ರ ಸಂಸಾರ ಹೂಡಿರುತ್ತದೆ. ಕೂದಲಿಗಿಂತ ತೆಳುವಾದ ಎಳೆಗಳನ್ನು ಮಣ್ಣಿಗೆ ಚಾಚಿ, ಬೇರಿನ ಕೈಗೆ ಎಟುಕದ ಕಡೆಯಿಂದ ರಂಜಕವನ್ನೂ ನೀರನ್ನೂ ಹೊತ್ತು ತರುತ್ತದೆ. ಗಿಡ ಬಿಸಿಲಿನಲ್ಲಿ ಮಾಡಿದ ಸಕ್ಕರೆಯಲ್ಲಿ ಅದಕ್ಕೊಂದು ಪಾಲು ಕೊಡುತ್ತದೆ. ಇದು ಕೊಟ್ಟು ತೆಗೆದುಕೊಳ್ಳುವ ಲೆಕ್ಕ. ಗಿಡಕ್ಕೆ ಗೊಬ್ಬರ ಪುಕ್ಕಟೆ ಸಿಕ್ಕರೆ ಲೆಕ್ಕ ಮುರಿಯುತ್ತದೆ, ನೆಂಟ ಹೊರಗೆ ಬೀಳುತ್ತಾನೆ. ಇನ್ನೊಂದು ತೊಡಕು ಏನೆಂದರೆ ಬ್ರೆಡ್ಡಿನ ಬೂಷ್ಟಿನ ಹಾಗೆ ಇದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಫ್ರಿಜ್ಜಿನಲ್ಲಿ ಇಟ್ಟುಬಿಡುವಂತಿಲ್ಲ. ಇದಕ್ಕೆ ಜೀವಂತ ಬೇರೇ ಬೇಕು. ಆದ್ದರಿಂದ ಕುಬ್ಜ ಜೋಳದ ಪೈರು ನೆಟ್ಟ ನಾನೂರಕ್ಕೂ ಹೆಚ್ಚು ಕುಂಡಗಳು ಇಲ್ಲಿವೆ, ಒಂದೊಂದರಲ್ಲೂ ಒಂದೊಂದು ಕಾಡಿನ ಒಂದೊಂದು ಜಾತಿಯ ಶಿಲೀಂಧ್ರ. ಪೈರು ಮುದಿಯಾಗುವ ಮೊದಲು ಅದರ ಬೇರನ್ನೂ ಮಣ್ಣನ್ನೂ ಒಂದು ಹಿಡಿ ತೆಗೆದು ಹೊಸ ಕುಂಡಕ್ಕೆ ಹಾಕಬೇಕು.

"ಹೆಪ್ಪು ಹಾಕಿದ ಹಂಗೆ," ಎನ್ನುತ್ತಾರೆ ಬೂಷ್ಟಕ್ಕ. "ಮೊಸರು ಎಷ್ಟೇ ರುಚಿ ಇರ್ಲಿ, ಪಾತ್ರೆ ಬಳಿಯೋ ಮೊದಲು ಒಂದು ಚಮಚ ಎತ್ತಿಡಲ್ವಾ? ಅಷ್ಟೇ ಕೆಲಸ ನನ್ನದು. ಚಮಚ ಎತ್ತಿಡೋದು."

ಇವತ್ತು ಮಾತ್ರ ಅಷ್ಟೇ ಕೆಲಸವಲ್ಲ. ಕಿಟಕಿಯ ಬಳಿ ಬೇರೆಯಾಗಿ ಇಟ್ಟ ಹನ್ನೆರಡು ಪುಟ್ಟ ಕುಂಡಗಳಿವೆ. ಅವುಗಳಿಗೆ ಬೂಷ್ಟಕ್ಕ ಬೆಳಗಿನಿಂದ ಮೂರು ಸಲ ಬಡಿದು ನೋಡಿದ್ದಾರೆ. ಒಂದು ಜಾತಿ ಈ ಕಟ್ಟಡದಿಂದ ಶಾಶ್ವತವಾಗಿ ಹೋಯಿತೇ, ಉಳಿಯಿತೇ ಎಂಬುದು ಮಧ್ಯಾಹ್ನದೊಳಗೆ ಆ ಹನ್ನೆರಡರಿಂದಲೇ ಗೊತ್ತಾಗಬೇಕು. ಅದಕ್ಕೇ ಅವರ ಬಾಯಿ ಇವತ್ತು ಮಾಮೂಲಿಗಿಂತ ಜಾಸ್ತಿ ಓಡುತ್ತಿದೆ ಎಂದು ಆಮೇಲೆ ನನಗೆ ಬೇರೆಯವರು ಹೇಳಿದರು.

ಬೂಷ್ಟಕ್ಕ ಇಲ್ಲಿಗೆ ಬಂದದ್ದು ಶೀಷೆ ತೊಳೆಯುವ ಕೆಲಸಕ್ಕೆ. ಅದಕ್ಕೂ ಮುಂಚೆ ಬೇಕರಿಯೊಂದರಲ್ಲಿ ಹಿಟ್ಟು ನಾದುತ್ತಿದ್ದರು. ಗಂಡ ಆಂಬುಲೆನ್ಸ್ ಓಡಿಸುತ್ತಾರೆ. ಮನೆಗೆ ಬಂದರೆ ಮೊದಲು ನಿದ್ದೆ, ಆಮೇಲೆ ಮಾತು. ಮನೆಯಲ್ಲಿ ಮಾತಿನ ಕೊರತೆಯನ್ನು ನೀಗಿಸುವುದು ಅತ್ತೆ. ಎಂಬತ್ತು ದಾಟಿದ ಈ ಅತ್ತೆ ಕಿವಿ ಕೇಳುವುದಿಲ್ಲ ಎನ್ನುತ್ತಾರೆ, ಆದರೆ ತಮ್ಮ ಬಗ್ಗೆ ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದರೂ ಉತ್ತರ ಕೊಡುತ್ತಾರೆ. ಶೀಷೆ ತೊಳೆಯುತ್ತಿದ್ದ ಕೈ ಜರಡಿ ತೊಳೆಯಲು ಶುರುಮಾಡಿತು, ಜರಡಿಯಿಂದ ಬೇರು, ಬೇರಿನಿಂದ ಕುಂಡ. ಹೀಗೆ ಹತ್ತೊಂಬತ್ತು ವರ್ಷ.

ಸುಲಭದ ಕೆಲಸವೇನಲ್ಲ. ಬೇಸಿಗೆಯಲ್ಲಿ ಗಾಜಿನ ಮನೆ ಒಲೆಯಾಗುತ್ತದೆ. ಬೇರು ಬೇಯಿಸುವ ಕ್ಷಾರ ತಾಗಿ ತಾಗಿ ಬೆರಳ ತುದಿಯ ಗೆರೆಗಳೇ ಸವೆದಿವೆ. ಹಾಜರಿ ಹಾಕುವ ಬೆರಳಚ್ಚಿನ ಯಂತ್ರ ಇವರನ್ನು ಗುರುತಿಸಲು ಒಪ್ಪುವುದಿಲ್ಲ. "ದಿನಾ ಬರ್ತೀನಿ, ದಿನಾ 'ನೀನ್ಯಾರು' ಅನ್ನುತ್ತೆ. ನಮ್ಮತ್ತೇನೂ ಮದುವೆಯಾದ ಹೊಸದ್ರಲ್ಲಿ ಹಿಂಗೇ ಮಾಡ್ತಿದ್ರು, ಆಮೇಲೆ ಸರಿಹೋದ್ರು," ಎಂದು ನಗುತ್ತಾರೆ. ರಜೆ ಎಂಬುದು ಹೆಸರಿಗೆ ಇದೆ. ಕುಂಡಕ್ಕೆ ಭಾನುವಾರ ಗೊತ್ತಿಲ್ಲವಲ್ಲ.

ನಾವು ಮಾತಾಡುತ್ತಿದ್ದಂತೆ ಬೂಷ್ಟಕ್ಕ ಆ ಹನ್ನೆರಡು ಕುಂಡಗಳ ಅಂಚಿನಿಂದ ಚಿಮಟದಲ್ಲಿ ಒಂದೊಂದು ಎಳೆ ಬೇರು ತೆಗೆಯುತ್ತಾರೆ. ನೀರಲ್ಲಿ ಅಲುಗಿಸಿ ಮಣ್ಣು ಬಿಡಿಸಿ, ಹನ್ನೆರಡು ಪುಟ್ಟ ಶೀಷೆಗಳಿಗೆ ಹಾಕಿ, ಕ್ಷಾರ ಹೊಯ್ದು, ಬಿಸಿ ನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ಬೇರಿನ ಬಣ್ಣವೆಲ್ಲ ಕಳೆದು ಅದು ಗಾಜಿನಷ್ಟು ತಿಳಿಯಾಗಬೇಕು. ಆಮೇಲೆ ವಿನೆಗರ್, ಆಮೇಲೆ ಇಂಕು. ಹೌದು, ಪೆನ್ನಿಗೆ ತುಂಬುವ ನೀಲಿ ಇಂಕೇ. ಬೇರಿನೊಳಗೆ ಶಿಲೀಂಧ್ರವಿದ್ದರೆ ಅದು ಮಾತ್ರ ನೀಲಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರು ಬಿಳಿಯಾಗಿಯೇ ಉಳಿಯುತ್ತದೆ. ಇಂಕು ತರುವುದು ಬೂಷ್ಟಕ್ಕನೇ. ಪೆನ್ನಿಗೆ ಇಂಕು ತುಂಬುವವರೇ ಇಲ್ಲದ ಕಾಲದಲ್ಲಿ ತಿಂಗಳಿಗೆರಡು ಶೀಷೆ ಒಯ್ಯುವ ಇವರನ್ನು ಸ್ಟೇಷನರಿ ಅಂಗಡಿಯವನು ದೊಡ್ಡ ಕಾದಂಬರಿಗಾರ್ತಿ ಎಂದೇ ನಂಬಿದ್ದಾನೆ. ಇವರೂ ಇಲ್ಲವೆನ್ನಲು ಹೋಗಿಲ್ಲ.

ಬೇರು ಬೇಯಲು ಸುಮಾರು ಒಂದು ಗಂಟೆ ಬೇಕು. ಆ ಒಂದು ಗಂಟೆಯಲ್ಲಿ ನಾನು ಲೋಲಕದ ಕತೆ ಕೇಳುತ್ತೇನೆ.

ಲೋಲಕ ಎಂಬುದು ಬೂಷ್ಟಕ್ಕ ಇಟ್ಟ ಹೆಸರು. ಈ ಜಾತಿಯ ಬೀಜಕಣವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರೆ ಜೇನುಬಣ್ಣದ ಗುಂಡು ಮಣಿ, ಅದರ ತುದಿಗೆ ಇನ್ನೊಂದು ಚಿಕ್ಕ ಬುಗುಟು. ಕಿವಿಗೆ ನೇತುಹಾಕಿಕೊಳ್ಳುವ ಲೋಲಕದ ಪಡಿಯಚ್ಚು. ಶಾಸ್ತ್ರೀಯ ಹೆಸರು ಇಷ್ಟುದ್ದ ಇದೆ. ಪ್ರಯೋಗಾಲಯದ ಮುಖ್ಯಸ್ಥೆಯಾದ ವಿಜ್ಞಾನಿ ಮೇಡಂ ಕೂಡ ಈಗ ಲೋಲಕ ಎಂದೇ ಅನ್ನುತ್ತಾರೆ. ಇಬ್ಬರದೂ ಹಳೆಯ ಜೋಡಿ. ಮೇಡಂ ಬಗ್ಗೆ ಕೇಳಿದರೆ "ಊಟದ ಡಬ್ಬಿ ಮರೀತಾರೆ, ಬೇರು ಮರೆಯಲ್ಲ" ಎಂದು ಬೂಷ್ಟಕ್ಕ. ಬೂಷ್ಟಕ್ಕನ ಬಗ್ಗೆ ಕೇಳಿದರೆ "ನಾನು ಬರೆದಿದ್ದೆಲ್ಲ ಅವರು ಬದುಕಿಸಿದ್ದು" ಎಂದು ಮೇಡಂ.

ಹದಿನಾರು ವರ್ಷದ ಹಿಂದೆ ಬೆಟ್ಟದ ಇಳಿಜಾರೊಂದರಲ್ಲಿ ಹೆದ್ದಾರಿಗಾಗಿ ಹಳೆಯ ಕಾಡು ಕಡಿಯುವುದಿತ್ತು. ಮರ ಉಳಿಸಲು ಸಾಧ್ಯವಿಲ್ಲ ಎಂದು ಗೊತ್ತಾದಾಗ ಮೇಡಂ ಐದು ಚೀಲದಲ್ಲಿ ಅಲ್ಲಿನ ಮರಗಳ ಬುಡದ ಮಣ್ಣು ಹೊತ್ತು ತಂದರು. "ಮೇಲೆ ಕಾಣೋ ಕಾಡು ಅರ್ಧ. ಇನ್ನರ್ಧ ಕೆಳಗಿರುತ್ತೆ. ನನ್ನ ಕೈಲಾಗಿದ್ದು ಆ ಅರ್ಧದ ಒಂದು ಮುಷ್ಟಿ," ಎನ್ನುತ್ತಾರೆ ಅವರು. ಆ ಮಣ್ಣಿನಲ್ಲಿ ಸಿಕ್ಕಿದ್ದು ಲೋಲಕ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಎಂದು ಮೇಡಂ ಹೇಳುವುದಿಲ್ಲ. ತಾವು ಹುಡುಕಿದ ಕಡೆ ಸಿಕ್ಕಿಲ್ಲ ಎಂದಷ್ಟೇ ಹೇಳುತ್ತಾರೆ. ಇನ್ನೊಂದು ಪ್ರಯೋಗಾಲಯಕ್ಕೂ ಕಳಿಸಿದ್ದರು, ಅಲ್ಲಿ ಅದು ಹಿಡಿಯಲಿಲ್ಲ. ಲೋಲಕ ಸ್ವಲ್ಪ ಮುಂಗೋಪಿ.

ಕಾಡು ಕಡಿದಾದ ಮೇಲೆ ಹೆದ್ದಾರಿಯ ದಿಕ್ಕು ಬದಲಾಗಿ, ಈಗ ಬೋಳಾದ ಆ ಇಳಿಜಾರಿಗೆ ಮತ್ತೆ ಮರ ನೆಡುತ್ತಿದ್ದಾರೆ. ನೆಟ್ಟ ಸಸಿಗಳು ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಶಿಕ್ಷೆಗೆ ನಿಲ್ಲಿಸಿದ ಮಕ್ಕಳ ಹಾಗೆ ನಿಂತಿವೆ. ಅದೇ ಜಾತಿಯ ಕೆಲವು ಸಸಿಗಳಿಗೆ ಪರೀಕ್ಷೆಗೆಂದು ಲೋಲಕದ ಮಣ್ಣು ಹಾಕಿ ಇಲ್ಲಿ ಬೆಳೆಸಿದಾಗ ಒಂದೇ ವರ್ಷಕ್ಕೆ ಮೊಣಕಾಲೆತ್ತರ ಬಂದವು. ಮುಂದಿನ ಹಂಗಾಮಿಗೆ ಎಲ್ಲ ಸಸಿಗಳಿಗೂ ಲೋಲಕ ಕೊಡೋಣ ಎಂದು ತೀರ್ಮಾನವಾಯಿತು. ಇದ್ದದ್ದು ಐದು ಕುಂಡ. ಅವನ್ನು ಐವತ್ತು ಮಾಡಬೇಕಿತ್ತು.

ಅಷ್ಟರಲ್ಲಿ ಬೂಷ್ಟಕ್ಕನ ತಂಗಿಗೆ ಹೊಟ್ಟೆಯ ಆಪರೇಷನ್ ಆಯಿತು. ನೋಡಿಕೊಳ್ಳಲು ಬೇರೆ ಯಾರೂ ಇಲ್ಲದೆ ಇವರೇ ಹೋದರು, ಒಂದು ತಿಂಗಳಿಗೂ ಮೇಲೆ. ಅದೇ ಸಮಯಕ್ಕೆ ಮೇಡಂ ಕೂಡ ದೂರದ ಕಾಡಿನಲ್ಲಿ. ಕುಂಡಗಳಿಗೆ ನೀರು ಹಾಕುವ ಹೊಣೆ ಹೊತ್ತವರು ಮುಂದಿನ ಉದ್ಯಾನ ನೋಡಿಕೊಳ್ಳುವ ಮಾಲಿಯಣ್ಣ. ಬೂಷ್ಟಕ್ಕನ ಜೊತೆ ಹತ್ತೊಂಬತ್ತು ವರ್ಷ ಒಟ್ಟಿಗೆ ಕೂತು ಬುತ್ತಿ ಬಿಚ್ಚಿದ ಮನುಷ್ಯ.

"ಅವರ ಕೈಯಲ್ಲಿ ಕೊಟ್ಟು ಹೋದಾಗ ನನಗೆ ಒಂದು ಚೂರೂ ಚಿಂತೆ ಇರ್ಲಿಲ್ಲ," ಎನ್ನುತ್ತಾರೆ ಬೂಷ್ಟಕ್ಕ. "ನೀರು ಎಷ್ಟು, ಯಾವಾಗ, ಎಲ್ಲ ಹೇಳಿದ್ದೆ. ಗೊಬ್ಬರ ಹಾಕ್ಬೇಡಿ ಅಂತ ಹೇಳೋದು ಮರೆತೆ. ನನಗೆ ಅದು ಗೊತ್ತಿರೋ ವಿಷಯ ಅಲ್ವಾ, ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ."

ವಾಪಸು ಬಂದು ಬಾಗಿಲು ತೆಗೆದರೆ ಕಿಟಕಿಯ ಬಳಿಯ ಸಾಲು ಹಚ್ಚ ಹಸಿರು. ಲೋಲಕದ ಐದೂ ಕುಂಡಗಳಲ್ಲಿ ಕುಬ್ಜ ಜೋಳವೂ ಸೊಂಟದೆತ್ತರ. ಬೂಷ್ಟಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ. ಆ ಮಣ್ಣನ್ನು ಜರಡಿ ಹಿಡಿದಾಗ ಸಿಕ್ಕಿದ್ದೆಲ್ಲ ಜೊಳ್ಳು. ಒಳಗೆ ಏನೂ ಇಲ್ಲದ, ಮುಟ್ಟಿದರೆ ಒಡೆಯುವ ಖಾಲಿ ಮಣಿಗಳು. ಆ ಮಣ್ಣಿನಿಂದ ಮತ್ತೆ ಎರಡು ಸಲ ಹೊಸ ಪೈರು ಹಾಕಿ ನೋಡಿದರು. ಬೇರಿಗೆ ಎಷ್ಟು ಇಂಕು ಕುಡಿಸಿದರೂ ಬಿಳಿಯೇ.

ಬೇರು ಬೇಯುತ್ತಿರುವಾಗ ನಾನು ಮುಂದಿನ ಉದ್ಯಾನದತ್ತ ನಡೆಯುತ್ತೇನೆ. ಮಾಲಿಯಣ್ಣ ಹೂವಿನ ಪಾತಿಯ ಅಂಚು ಕತ್ತರಿಸುತ್ತಿದ್ದಾರೆ. ಅರವತ್ತು ಸಮೀಪಿಸಿದ, ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿಕೊಂಡ ಮನುಷ್ಯ. ಹಿಂದಿನ ಗಾಜಿನ ಮನೆಯಿಂದ ಬಂದೆ ಎಂದ ಕೂಡಲೇ ಅವರ ಕತ್ತರಿ ನಿಲ್ಲುತ್ತದೆ.

"ಇವತ್ತೇ ಅಲ್ವಾ ನೋಡೋದು?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಕತ್ತರಿಯ ಅಲಗಿಗೆ ಅಂಟಿದ ಹುಲ್ಲು ಬಿಡಿಸುತ್ತಾರೆ. ಆಮೇಲೆ ಅವರೇ ಶುರುಮಾಡುತ್ತಾರೆ. "ಆ ಕಿಟಕಿ ಸಾಲಿನ ಗಿಡಗಳ ಮುಖ ನೋಡಕ್ಕಾಗ್ಲಿಲ್ಲ ಕಣ್ರೀ. ಹಳದಿ ಬಿದ್ದು, ಹಸಿದ ಮಕ್ಕಳ ಹಂಗಿದ್ವು. ಪಾಪ, ಇವಳು ತಂಗಿ ಜೊತೆ ಆಸ್ಪತ್ರೇಲಿ ಒದ್ದಾಡ್ತಿದ್ದಾಳೆ, ಬರೋಷ್ಟರಲ್ಲಿ ದುಂಡಗೆ ಮಾಡಿಟ್ಟಿರೋಣ, ನೋಡಿ ಖುಷಿಪಡ್ಲಿ ಅಂತ ವಾರಕ್ಕೆರಡು ಸಲ ಗೊಬ್ಬರದ ನೀರು ಹಾಕಿದೆ. ನನ್ನ ಸ್ವಂತದ್ದು, ಒಳ್ಳೇ ಗೊಬ್ಬರ."

ಅತಿಯಾದರೆ ಅಮೃತವೂ ವಿಷ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಅಮೃತ ಹಾಕಿದ ಕೈ ಎದುರಿಗೇ ಇತ್ತು, ನನಗೆ ಆ ಗಾದೆ ಬಾಯಿಗೆ ಬರಲಿಲ್ಲ. ಗೊಬ್ಬರದ ವಿಷಯ ಗೊತ್ತಾದ ದಿನದಿಂದ ಮಾಲಿಯಣ್ಣ ಕಟ್ಟಡದ ಹಿಂಭಾಗಕ್ಕೆ ಕಾಲಿಟ್ಟಿಲ್ಲ. ಬುತ್ತಿಯನ್ನೂ ಗೇಟಿನ ಪಕ್ಕದಲ್ಲಿ ಒಬ್ಬರೇ ಕೂತು ತಿನ್ನುತ್ತಾರೆ. ಉದ್ಯಾನದ ಗಿಡಗಳಿಗೂ ಗೊಬ್ಬರ ಹಾಕುವಾಗ ಕೈ ತಡೆಯುತ್ತದಂತೆ. "ಅವಳು ಒಂದು ಮಾತು ಬೈದಿದ್ರೆ ಹಗುರ ಆಗ್ತಿತ್ತು. ಬೈಲಿಲ್ಲ," ಎಂದು ಮತ್ತೆ ಕತ್ತರಿ ಹಿಡಿಯುತ್ತಾರೆ.

ನಾನು ಹಿಂದಿರುಗುವಷ್ಟರಲ್ಲಿ ಬೇರುಗಳು ಇಂಕಿನಲ್ಲಿ ಮುಳುಗಿವೆ. ಮಾಲಿಯಣ್ಣನ ಮಾತು ತಿಳಿಸಿದೆ. ಬೂಷ್ಟಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಅದಕ್ಕೆ ವಿನೆಗರ್ ಕಾರಣ ಎಂದರು. "ಬೈಯೋದಕ್ಕೆ ಅವರೇನು ಕದ್ದಿದ್ರಾ? ಬೈಯ್ಬೇಕಾದ್ದು ನನ್ನ ಬಾಯಿಗೆ, ಹೇಳ್ಬೇಕಾದ್ದು ಹೇಳ್ಲಿಲ್ಲ. ಎರಡು ಸಲ ಕರೆಯೋಕೆ ಹೋದೆ. ನನ್ನ ಕಂಡ ತಕ್ಷಣ ಪೈಪ್ ಹಿಡ್ಕೊಂಡು ಆ ಕಡೆ ಹೋಗ್ಬಿಟ್ರು. ಬರಿಗೈಲಿ ಹೋಗಿ ಏನಂತ ಸಮಾಧಾನ ಹೇಳ್ಲಿ?"

ಹಾಗಾದರೆ ಕಿಟಕಿಯ ಬಳಿಯ ಈ ಹನ್ನೆರಡು ಕುಂಡಗಳು ಎಲ್ಲಿಂದ ಬಂದವು? ಅದು ಅತ್ತೆಯ ಅಧ್ಯಾಯ.

ಲೋಲಕ ಹೋಯಿತು ಎಂದು ಖಾತ್ರಿಯಾದ ದಿನ ಬೂಷ್ಟಕ್ಕ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಅತ್ತರು. ಕಿವಿ ಕೇಳದ ಅತ್ತೆಗೆ ಅದು ಕೇಳಿಸಿತು. ಏನಾಯಿತು ಎಂದು ಪಟ್ಟು ಹಿಡಿದರು. ಬೂಷ್ಟು, ಬೀಜಕಣ ಎಂದೆಲ್ಲ ಹೇಳಿದರೆ ಅರ್ಥವಾಗದು ಎಂದು ಬೂಷ್ಟಕ್ಕ, "ಹೆಪ್ಪು ಹಾಳಾಯ್ತು ಅತ್ತೆ, ಒಂದು ಚಮಚಾನೂ ಉಳೀಲಿಲ್ಲ," ಎಂದರು. ಅತ್ತೆಗೆ ಇಷ್ಟಕ್ಕೆ ಅಳುವವರನ್ನು ಕಂಡು ಆಶ್ಚರ್ಯ.

"ಹೆಪ್ಪು ಹಾಳಾದ್ರೆ ಪಕ್ಕದ ಮನೇಲಿ ಕೇಳು," ಎಂದರಂತೆ. "ಯಾವಾಗಲೋ ನೀನೇ ಕೊಟ್ಟಿರ್ತೀಯ ಅವರಿಗೆ."

"ಯಾರಿಗೂ ಕೊಟ್ಟಿಲ್ಲ ಅಂತ ಹೇಳೋಕೆ ಬಾಯಿ ತೆಗೆದೆ," ಎನ್ನುತ್ತಾರೆ ಬೂಷ್ಟಕ್ಕ. "ಎದುರಿಗೆ ಬಾಲ್ಕನೀಲಿ ನಿಂಬೆ ಗಿಡ ಕಾಣಿಸ್ತು. ತೆಗೆದ ಬಾಯಿ ಹಂಗೇ ನಿಂತುಹೋಯ್ತು."

ಆ ನಿಂಬೆ ಗಿಡ ಮನೆಮಂದಿಗೆಲ್ಲ ನಗೆಪಾಟಲು. ಅತ್ತೆ ಪಾನಕ ಮಾಡಿ ಉಗುಳಿದ ಬೀಜದಿಂದ ಹುಟ್ಟಿದ್ದು. ಹಳೆಯ ಪೇಂಟ್ ಡಬ್ಬದಲ್ಲಿ ಇದೆ, ಒಂದು ಕಾಯಿ ಬಿಟ್ಟಿದ್ದಿಲ್ಲ. ಅತ್ತೆ ಅದಕ್ಕೆ ಗೊಬ್ಬರ ಹಾಕಲು ಬಿಡುವುದಿಲ್ಲ, ತಾವು ಕುಡಿದು ಉಳಿದ ಲೋಟದ ನೀರಷ್ಟೇ ಅದರ ಪಾಲಿಗೆ. ಐದು ವರ್ಷದ ಹಿಂದೆ ಡಬ್ಬದ ಮಣ್ಣು ಕುಸಿದಾಗ "ನಿಮ್ಮಲ್ಲಿ ಅಷ್ಟೊಂದು ಮಣ್ಣಿದೆಯಲ್ಲ, ಒಂದು ಹಿಡಿ ತಾರೆ" ಎಂದು ಅತ್ತೆ ಪೀಡಿಸುತ್ತಿದ್ದರು. ಅದೇ ವಾರ ಲೋಲಕದ ಒಂದು ಕುಂಡ ಕೈಜಾರಿ ಒಡೆಯಿತು. ಪೈರನ್ನು ಹೊಸ ಕುಂಡಕ್ಕೆ ಹಾಕಿದ ಮೇಲೆ ನೆಲದ ಮೇಲೆ ಚೆಲ್ಲಿದ ಮಣ್ಣು ಮಿಕ್ಕಿತು. ಮಣ್ಣನ್ನು ಆವಿಯಲ್ಲಿ ಬೇಯಿಸದೆ ಹೊರಗೆ ಬಿಡಬಾರದು ಎಂಬುದು ನಿಯಮ. ಆವಿಯ ಪಾತ್ರೆ ಆ ದಿನ ಕೆಟ್ಟಿತ್ತು. ಬೂಷ್ಟಕ್ಕ ಅದನ್ನು ಊಟದ ಡಬ್ಬಿಗೆ ತುಂಬಿಕೊಂಡು ಹೋಗಿ ನಿಂಬೆಯ ಬುಡಕ್ಕೆ ಸುರಿದು, ಕೈ ತೊಳೆದು, ಮರೆತರು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇವರದು ಬಾಲ್ಕನಿಯ ಗಿಡ, ಅದಕ್ಕೆ ಇನ್ನೂ ಬೆಲೆ ಕಮ್ಮಿ. ಬೆಳಗಾದ ಕೂಡಲೇ ಬೂಷ್ಟಕ್ಕ ಡಬ್ಬ ಸಮೇತ ಗಿಡ ಎತ್ತಿಕೊಂಡು ಬಸ್ ಹತ್ತಿದರು. ನನ್ನ ಗಿಡ ಎಂದು ಅತ್ತೆಯೂ ಹೊರಟರು. ಕಂಡಕ್ಟರ್, "ಗಿಡಕ್ಕೆ ಟಿಕೆಟ್ ಬೇಡ, ಆದ್ರೆ ಮುಳ್ಳು ಯಾರಿಗಾದ್ರೂ ಚುಚ್ಚಿದ್ರೆ ನಾನು ಜವಾಬ್ದಾರಿ ಅಲ್ಲ," ಎಂದನಂತೆ. ಮೇಡಂ ಅವರ ಮೇಜಿನ ಮೇಲೆ ಬೂಷ್ಟಕ್ಕ ಡಬ್ಬ ಇಟ್ಟಾಗ ಮೇಡಂ ನಕ್ಕರು: "ಒಂದು ಹಿಡಿ ಮಣ್ಣು ತಂದಿದ್ರೆ ಸಾಕಿತ್ತಲ್ಲ ಅಕ್ಕಾ!" ನಿಯಮ ಮುರಿದದ್ದಕ್ಕೆ ಬೈಯುವುದು ಅವರಿಗೆ ಆಮೇಲೆ ನೆನಪಾಯಿತು, ಬೈದರು ಕೂಡ. ಅತ್ತೆ ಗಿಡದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು, "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಎಂದು ಬಂದುಹೋದವರಿಗೆಲ್ಲ ಹೇಳಿದರಂತೆ.

ಆ ಮಣ್ಣನ್ನು ನೀರಲ್ಲಿ ಕಲಕಿ, ಒಂದಕ್ಕಿಂತ ಒಂದು ಸಣ್ಣ ಕಣ್ಣಿನ ಜರಡಿಗಳಲ್ಲಿ ಸೋಸಿ, ಉಳಿದ ಗಸಿಯಲ್ಲಿ ಹುಡುಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವೇ, ಆದರೆ ಕಲ್ಲು ಕಣ್ಣಿಗೆ ಕಾಣದಷ್ಟು ಸಣ್ಣದು. ಬಾಲ್ಕನಿಯ ಧೂಳಿನ ಜೊತೆ ಬಂದು ಸೇರಿಕೊಂಡ ಬೇರೆ ಜಾತಿಗಳೇ ರಾಶಿ. ಎರಡು ದಿನ ಹುಡುಕಿದ ಮೇಲೆ ಜೇನುಬಣ್ಣದ ಹದಿನೈದು ಮಣಿ ಸಿಕ್ಕವು, ತುದಿಯ ಬುಗುಟಿನ ಸಮೇತ. ಮೂರು ಜೊಳ್ಳು. ಹನ್ನೆರಡು ಗಟ್ಟಿ. ಒಂದೊಂದನ್ನೂ ಬ್ರಷ್ಷಿನ ತುದಿಯಲ್ಲಿ ಎತ್ತಿ, ಮೊಳಕೆಯೊಡೆದ ಜೋಳದ ಎಳೆಬೇರಿಗೆ ತಾಗಿಸಿ ನೆಟ್ಟರು. ಉಸಿರು ಬಿಟ್ಟರೆ ಹಾರಿಹೋಗುತ್ತದೆ ಎಂದು ಬೂಷ್ಟಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರಂತೆ. ಅದಾಗಿ ಮೂರು ತಿಂಗಳು ಕಳೆದಿದೆ.

ಈಗ ಮೇಡಂ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದಾರೆ. ಬೂಷ್ಟಕ್ಕ ಬೇರಿನ ತುಣುಕುಗಳನ್ನು ಗಾಜಿನ ಪಟ್ಟಿಯ ಮೇಲೆ ಜೋಡಿಸಿ, ಮೇಲೊಂದು ತೆಳುಗಾಜು ಮುಚ್ಚಿ, ಒಂದೊಂದಾಗಿ ಕೊಡುತ್ತಾರೆ. ಕೊಟ್ಟು, ಬೆನ್ನು ತಿರುಗಿಸಿ, ಆಗಲೇ ತೊಳೆದ ಜರಡಿಯನ್ನು ಮತ್ತೆ ತೊಳೆಯುತ್ತಾರೆ. ಮೊದಲನೆಯದು ಬಿಳಿ. ಎರಡನೆಯದು ಬಿಳಿ. ಮೇಡಂ ಪಟ್ಟಿಯನ್ನು ಪಕ್ಕಕ್ಕೆ ಇಡುವ ಸದ್ದಿನಿಂದಲೇ ಗೊತ್ತಾಗುತ್ತದೆ. ನನ್ನ ಕೆಲಸ ಬರೆದುಕೊಳ್ಳುವುದು. ಆದರೆ ಐದಾರು ಪಟ್ಟಿ ಪಕ್ಕಕ್ಕೆ ಹೋಗುವಷ್ಟರಲ್ಲಿ ನನಗೂ ಪೆನ್ನು ಹಿಡಿಯುವ ಮನಸ್ಸಿರಲಿಲ್ಲ. ಒಂದು ಬೂಷ್ಟಿಗಾಗಿ ನಾನು ಹೀಗೆ ಪಟ್ಟಿ ಎಣಿಸುತ್ತ ಕೂರುತ್ತೇನೆ ಎಂದು ಯಾರಾದರೂ ನಿನ್ನೆ ಹೇಳಿದ್ದರೆ ನಂಬುತ್ತಿರಲಿಲ್ಲ.

ಮೇಡಂ ಒಂದು ಪಟ್ಟಿಯನ್ನು ಪಕ್ಕಕ್ಕೆ ಇಡಲಿಲ್ಲ.

"ಅಕ್ಕಾ," ಎಂದರು. "ಬನ್ನಿ ಇಲ್ಲಿ."

ಬೂಷ್ಟಕ್ಕ ಕೈ ಒರೆಸಿಕೊಂಡು ಬಂದು, ಕನ್ನಡಕ ತೆಗೆದು, ಬಗ್ಗಿ ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ನನಗೆ ಜಾಗ ಬಿಟ್ಟರು. ಗಾಜಿನಂಥ ಬೇರಿನೊಳಗೆ ನೀಲಿ ಎಳೆಯೊಂದು ಹಾದುಹೋಗಿ, ಒಂದು ಕೋಶದೊಳಗೆ ಹೊಕ್ಕು, ಕವಲೊಡೆದು, ಕವಲಿಗೆ ಕವಲೊಡೆದು ನಿಂತಿತ್ತು. ಕೊಂಬೆ ರೆಂಬೆ ಎಲ್ಲ ಇರುವ ಒಂದು ಪುಟ್ಟ ಮರ. ಬೇರಿನೊಳಗೆ ಮರ ಇರುತ್ತದೆ ಎಂದು ನನಗೆ ಈ ವಯಸ್ಸಿನವರೆಗೂ ಯಾರೂ ಹೇಳಿರಲಿಲ್ಲ, ಕಣ್ಣು ಮಂಜಾದದ್ದಕ್ಕೆ ನಾನೂ ವಿನೆಗರನ್ನೇ ದೂರಿದೆ.

ಹನ್ನೆರಡರಲ್ಲಿ ಎರಡು ಕುಂಡಗಳಲ್ಲಿ ಲೋಲಕ ಹಿಡಿದಿತ್ತು. ಮೇಡಂ ಎರಡನ್ನೂ ಎರಡೆರಡು ಸಲ ನೋಡಿ ಖಚಿತಪಡಿಸಿಕೊಂಡರು. "ಈ ಹಂಗಾಮಿಗೆ ಸಾಲದು. ಅದರ ಮುಂದಿನದಕ್ಕೆ ಬೆಟ್ಟಕ್ಕೆ ಕೊಡಬಹುದು," ಎಂದು ಲೆಕ್ಕ ಹಾಕತೊಡಗಿದರು. ತಿರುಗಿ ನೋಡಿದರೆ ಬೂಷ್ಟಕ್ಕ ಅಲ್ಲಿಲ್ಲ.

ಕಿಟಕಿಯಿಂದ ನೋಡಿದೆ. ಅವರು ಉದ್ಯಾನದ ನಡುವೆ, ನಡೆಯಬಾರದು ಎಂದು ಫಲಕ ಹಾಕಿದ ಹುಲ್ಲಿನ ಮೇಲೆಯೇ ಬಿರಬಿರನೆ ಹೋಗುತ್ತಿದ್ದಾರೆ. ಮಾಲಿಯಣ್ಣ ಪೈಪ್ ಹಿಡಿದುಕೊಂಡು ಆ ಕಡೆ ಹೊರಟರು. ಈ ಸಲ ಬೂಷ್ಟಕ್ಕ ಪೈಪಿನ ಮೇಲೆಯೇ ಕಾಲಿಟ್ಟು ನಿಂತರು. ಏನು ಮಾತಾಡಿದರೋ ಕೇಳಿಸಲಿಲ್ಲ. ಬರುವಾಗ ಅವರ ಮಡಚಿದ ತೋಳು ಹಿಡಿದೇ ಕರೆತಂದರು.

ಮಾಲಿಯಣ್ಣ ಸೂಕ್ಷ್ಮದರ್ಶಕಕ್ಕೆ ಎರಡೂ ಕಣ್ಣು ಒತ್ತಿ ನೋಡುತ್ತಾರೆ. "ಇದೇನು ತಂಗಿ, ಮರದ ಹಂಗಿದೆ?"

"ಮರಾನೇ. ಬೆಟ್ಟದ್ದು."

ಅವರು ಕಣ್ಣು ತೆಗೆಯಲಿಲ್ಲ. ತೆಗೆದರೆ ನಾವೆಲ್ಲ ಅವರ ಮುಖ ನೋಡುತ್ತೇವಲ್ಲ.

ಬೂಷ್ಟಕ್ಕನಿಗೆ ಏನಾದರೂ ಆಸೆಯಿದೆಯೇ ಎಂದು ನಾನು ಬೆಳಿಗ್ಗೆ ಕೇಳಿದ್ದೆ. ಹದಿನಾರು ವರ್ಷ ಆ ಬೆಟ್ಟದ ಜೀವವನ್ನು ಕಾದವರು ಆ ಬೆಟ್ಟವನ್ನು ಒಂದು ಸಲವೂ ಕಂಡಿಲ್ಲ. "ಹೋಗ್ಬೇಕು. ಸಸಿ ಆಳೆತ್ತರ ಬಂದ ಮೇಲೆ. ಅತ್ತೆ, ಮೇಡಂ, ಮಾಲಿಯಣ್ಣ ಎಲ್ಲ ಒಟ್ಟಿಗೆ. ಅವುಗಳ ನೆರಳಲ್ಲಿ ಕೂತು ಬುತ್ತಿ ಬಿಚ್ಬೇಕು. ನೆರಳು ತೆಳ್ಳಗಿದ್ರೂ ಪರವಾಗಿಲ್ಲ," ಎಂದಿದ್ದರು. ಮಾಲಿಯಣ್ಣ ಇತ್ತ ಕಾಲೇ ಇಡದಿರುವಾಗ ಈ ನಾಲ್ಕು ಜನರ ಲೆಕ್ಕ ಕೂಡುವುದು ಹೇಗೋ ಎಂದುಕೊಂಡಿದ್ದೆ.

ಈಗ ಅವರು ಲೋಲಕ ಹಿಡಿದ ಎರಡು ಕುಂಡಗಳಲ್ಲಿ ಒಂದನ್ನು ಎತ್ತಿ ಮಾಲಿಯಣ್ಣನ ಕೈಗೆ ಇಡುತ್ತಾರೆ. "ಹೆಪ್ಪು ಒಂದೇ ಮನೇಲಿ ಇರ್ಬಾರ್ದು. ಇದು ನಿಮ್ಮ ಮನೇಲಿರ್ಲಿ."

ಮಾಲಿಯಣ್ಣ ಬೆಚ್ಚಿಬೀಳುತ್ತಾರೆ. "ನನ್ನ ಮನೇಲಾ? ಹಾಳು ಮಾಡಿದ್ದೇ ನಾನಲ್ವಾ ತಂಗಿ!"

"ಅದಕ್ಕೇ ಕೊಡ್ತಿರೋದು. ಸಾಯೋವರೆಗೂ ಇದಕ್ಕೆ ಗೊಬ್ಬರ ಹಾಕಲ್ಲ ಅಂತ ನಾನು ಕಣ್ಣುಮುಚ್ಚಿ ನಂಬೋದು ಈ ಲೋಕದಲ್ಲಿ ನಿಮ್ಮೊಬ್ಬರನ್ನೇ."

ಕುಂಡ ಹೊರಗೆ ಹೋಗುವುದಕ್ಕೆ ಅನುಮತಿ ಬೇಕು. ನಾವು ಮೂವರೂ ಮೇಡಂ ಕಡೆ ನೋಡಿದೆವು. ಅವರು ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, "ನಾನು ಬೇರು ನೋಡ್ತಾ ಇದ್ದೀನಿ, ನನಗೇನೂ ಕಾಣಿಸ್ತಿಲ್ಲ. ಅರ್ಜಿ ನಾಳೆ ಬರೀತೀನಿ," ಎಂದರು.

ಮಾಲಿಯಣ್ಣ ಕುಂಡವನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋದರು. ಅಲ್ಲಿ ನಿಂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಬೆರಳ ಗೆಣ್ಣಿನಿಂದ ಅದರ ಹೊಟ್ಟೆಗೆ ಮೆಲ್ಲಗೆ ಬಡಿದು, ಕಿವಿ ಕೊಟ್ಟರು.

"ಏನಂತೆ?" ಎಂದು ಬೂಷ್ಟಕ್ಕ ಜರಡಿ ತೊಳೆಯುತ್ತಲೇ ಕೇಳಿದರು.

"ದೊಪ್ ಅಂತಿದೆ."

"ಹಂಗಾದ್ರೆ ಇವತ್ತು ನೀರು ಬೇಡ ಅಣ್ಣ. ಸುಮ್ನೆ ಮಾತಾಡಿಸಿ, ಸಾಕು."